ನಾಯಕನು ಕೆಡುವ ಗಳಿಗೆ ತೆರೆಯ ಮೇಲೆ ಏಕೆ ನಂಬಿಕೆ ಹುಟ್ಟಿಸುವುದಿಲ್ಲ?

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ತಮ್ಮ ಪತ್ರಿಕೆಯ ಕಳೆದ ಭಾನುವಾರದ ಪುರವಣಿಯಲ್ಲಿ ಪ್ರೀಕ್ವೆಲ್ ಚಿತ್ರಗಳ ಬಗ್ಗೆ, ಅಂದರೆ ಈಗಾಗಲೇ ಹೆಸರಾದ ಕಥೆಯೊಂದರ ಹಿಂದಿನ ಭಾಗವನ್ನು ಆಮೇಲೆ ಹೇಳುವ ಚಿತ್ರಗಳ ಬಗ್ಗೆ, ಪ್ರಕಟವಾದ ಲೇಖನವನ್ನು ಎರಡು ಸಲ ಓದಿದೆ. ಒಳ್ಳೆಯ ನಾಯಕನೊಬ್ಬ ದುಷ್ಟನಾಗುವ ಕಥೆ ಇಂಥ ಚಿತ್ರಗಳಲ್ಲಿ ಮನಸ್ಸಿಗೆ ನಾಟುವುದಿಲ್ಲ ಎಂಬ ಲೇಖಕರ ದೂರು ನನ್ನದೂ ಹೌದು. ಆದರೆ ಅಂತ್ಯವು ಪ್ರೇಕ್ಷಕನಿಗೆ ಮೊದಲೇ ಗೊತ್ತಿರುವುದರಿಂದ ಹೀಗಾಗುತ್ತದೆ ಎಂದು ಅವರು ಕೊಟ್ಟಿರುವ ಕಾರಣವನ್ನು ನಾನು ಒಪ್ಪಲಾರೆ. ಮುಂಬಯಿಯ ಕನ್ನಡ ರಾತ್ರಿ ಶಾಲೆಯೊಂದರಲ್ಲಿ 31 ವರ್ಷ ಪಾಠ ಹೇಳಿದವನು, ಅದಕ್ಕಿಂತ ಹೆಚ್ಚು ಕಾಲ ಇಲ್ಲಿನ ತಾಳಮದ್ದಳೆ ಕೂಟಗಳಲ್ಲಿ, ಅಂದರೆ ವೇಷ ಕುಣಿತಗಳಿಲ್ಲದೆ ಹಾಡು ಮಾತುಗಳಲ್ಲೇ ನಡೆಯುವ ಯಕ್ಷಗಾನ ಕೂಟಗಳಲ್ಲಿ, ಕುಳಿತು ಕೇಳಿದವನು ಎಂಬ ನೆಲೆಯಿಂದ ಈ ಪತ್ರವನ್ನು ಬರೆಯುತ್ತಿದ್ದೇನೆ.

ಮಳೆಗಾಲದಲ್ಲಿ ಊರಿನ ಕಲಾವಿದರು ಮುಂಬಯಿಗೆ ಬಂದಾಗ ಮಾಟುಂಗದಲ್ಲೋ ಡೊಂಬಿವಲಿಯಲ್ಲೋ ಗದಾಯುದ್ಧದ ಪ್ರಸಂಗ ನಡೆಯುತ್ತದೆ. ಕೌರವನು ವೈಶಂಪಾಯನ ಸರೋವರದಿಂದ ಎದ್ದು ಬರುತ್ತಾನೆ, ಅವನ ತೊಡೆ ಮುರಿಯುತ್ತದೆ ಎಂಬುದು ಸಭೆಯಲ್ಲಿರುವ ಮಗುವಿಗೂ ಗೊತ್ತು. ಆದರೂ ಕೊನೆಯ ಲೋಕಲ್ ರೈಲು ತಪ್ಪಿದರೂ ಸರಿಯೆಂದು ಜನ ಕುಳಿತಿರುತ್ತಾರೆ. ಏನಾಗುತ್ತದೆ ಎಂದು ತಿಳಿಯುವ ಆಸೆ ಅಲ್ಲಿ ಯಾರಿಗೂ ಇರುವುದಿಲ್ಲ. ಹಾಡುವ ಭಾಗವತರ ಪದ ಮುಗಿದ ಮೇಲೆ ಪಾತ್ರವಾಗಿ ಮಾತಾಡುವ ಅರ್ಥಧಾರಿ ಯಾವ ಮಾತನ್ನು ಹಿಡಿದು ಆ ಛಲವನ್ನು ತನ್ನದಾಗಿಸಿಕೊಳ್ಳುತ್ತಾನೆ, ಸಂಧಿಗೆ ಒಪ್ಪದಿರುವುದು ಅವನ ದೃಷ್ಟಿಗೆ ಹೇಗೆ ನ್ಯಾಯವಾಗಿ ಕಾಣುತ್ತದೆ ಎಂಬುದನ್ನು ಕೇಳುವುದಕ್ಕಾಗಿಯೇ ಅವರು ಬಂದಿರುತ್ತಾರೆ. ಗೊತ್ತಿರುವ ಅಂತ್ಯವು ನಮ್ಮ ಅರ್ಥಧಾರಿಗೆ ಬಂಡವಾಳವೇ ಆಗಿದೆ. ಹಾಗಿರುವಾಗ ಸಿನಿಮಾಕ್ಕೆ ಮಾತ್ರ ಅದು ಹೊರೆಯಾಗುವುದೇಕೆ ಎಂದು ಕೇಳಬೇಕಾಗುತ್ತದೆ.

ಲೇಖಕರು ಮುಖ್ಯವಾಗಿ ಎತ್ತಿಕೊಂಡಿರುವುದು ಜಾರ್ಜ್ ಲ್ಯೂಕಾಸ್ ಅವರ ಸ್ಟಾರ್ ವಾರ್ಸ್ ಸರಣಿಯ ಪೂರ್ವಕಥೆಗಳನ್ನು. 1977ರಿಂದ 1983ರವರೆಗೆ ಬಂದ ಮೊದಲ ಮೂರು ಚಿತ್ರಗಳಲ್ಲಿ ಕಪ್ಪು ಮುಖವಾಡದ ಕ್ರೂರಿಯಾಗಿ ಕಾಣಿಸಿಕೊಂಡ ಡಾರ್ತ್ ವೇಡರ್, ಒಂದು ಕಾಲದಲ್ಲಿ ಅನಾಕಿನ್ ಸ್ಕೈವಾಕರ್ ಎಂಬ ಸಜ್ಜನ ಯೋಧನಾಗಿದ್ದು ಕೆಟ್ಟದ್ದು ಹೇಗೆ ಎಂಬುದನ್ನು 1999, 2002 ಮತ್ತು 2005ರಲ್ಲಿ ಬಂದ ಮೂರು ಚಿತ್ರಗಳು ಹೇಳುತ್ತವೆ. ಮೊದಲನೆಯದರಲ್ಲಿ ಅವನು ಒಂಬತ್ತು ವರ್ಷದ ಗುಲಾಮ ಹುಡುಗ. ಎರಡನೆಯದರಲ್ಲಿ, ಹತ್ತು ವರ್ಷಗಳ ಬಳಿಕ, ಜೆಡೈ ಯೋಧರ ಶಿಷ್ಯ. ಮೂರನೆಯದರಲ್ಲಿ ಯುದ್ಧವೀರ, ಗುಟ್ಟಾಗಿ ಮದುವೆಯಾದವನು, ಬಸುರಿ ಹೆಂಡತಿ ಪ್ಯಾಡ್ಮೆ ಹೆರಿಗೆಯಲ್ಲಿ ಸಾಯುವುದನ್ನು ಕನಸಿನಲ್ಲಿ ಕಂಡು ಹೆದರಿದವನು. ಆ ಹೆದರಿಕೆಯನ್ನು ಹಿಡಿದೇ ಪಾಲ್ಪಟೀನ್ ಎಂಬ ಕುಟಿಲ ಆಡಳಿತಗಾರ ಅವನನ್ನು ತನ್ನ ಕಡೆಗೆ ಎಳೆಯುತ್ತಾನೆ. ಕಾರಣಗಳ ಪಟ್ಟಿಯನ್ನು ನೋಡಿದರೆ ಯಾವುದೂ ಕಡಿಮೆಯಾಗಿಲ್ಲ. ತಾಯಿಯ ಸಾವಿದೆ, ಗುರುಮಂಡಲಿ ಸಭೆಯಲ್ಲಿ ಆಸನ ಕೊಟ್ಟೂ ಗುರುಪದವಿ ಕೊಡದ ಅವಮಾನವಿದೆ, ಹೆಂಡತಿಯ ಮೇಲಿನ ಮೋಹವಿದೆ. ಇಷ್ಟೆಲ್ಲ ಇದ್ದೂ ಅವನು ಕೆಡುವ ಗಳಿಗೆ ಬಂದಾಗ ನಾವು ನಂಬುವುದಿಲ್ಲ.

ಆ ಗಳಿಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಪಾಲ್ಪಟೀನನೇ ಒಳಗಿನ ಶತ್ರುವೆಂದು ತಿಳಿದ ಅನಾಕಿನ್ ಮೊದಲು ಮಾಡುವುದು ಸರಿಯಾದ ಕೆಲಸವನ್ನೇ: ಹಿರಿಯ ಜೆಡೈ ಮೇಸ್ ವಿಂಡುವಿಗೆ ಸುದ್ದಿ ಮುಟ್ಟಿಸುತ್ತಾನೆ. ಬಳಿಕ ಖಾಲಿ ಸಭಾಂಗಣದಲ್ಲಿ ಅವನೊಬ್ಬನೇ ನಿಂತು ಕಿಟಕಿಯಿಂದ ನಗರವನ್ನು ನೋಡುತ್ತಾನೆ. ನಗರದ ಇನ್ನೊಂದು ಕಡೆಯಿಂದ ಅವನ ಹೆಂಡತಿ ಇತ್ತ ನೋಡುತ್ತಾಳೆ. ಸಂಜೆಯ ಬೆಳಕಿನಲ್ಲಿ ಅವರಿಬ್ಬರೂ ಒಂದು ಮಾತೂ ಆಡದೆ ದೃಶ್ಯ ಸಾಗುತ್ತದೆ. ಮೂರೂ ಚಿತ್ರಗಳಲ್ಲಿ ನನ್ನ ಮನಸ್ಸಿಗೆ ಬಹಳ ಹಿಡಿಸಿದ ಭಾಗ ಇದು, ಏಕೆಂದರೆ ಆ ಮೌನದಲ್ಲಿ ಅವನು ತನ್ನೊಡನೆ ತಾನೇ ವಾದಿಸುತ್ತಿದ್ದಾನೆ ಎಂದು ನಮಗೆ ತಿಳಿಯುತ್ತದೆ. ಅಲ್ಲಿಂದ ಓಡಿಬಂದು, ಪಾಲ್ಪಟೀನನನ್ನು ಕೊಲ್ಲಲು ಎತ್ತಿದ ವಿಂಡುವಿನ ಕೈಯನ್ನು ಕತ್ತರಿಸುವುದನ್ನೂ ನಾನು ನಂಬುತ್ತೇನೆ. ಹೆಂಡತಿಯನ್ನು ಬದುಕಿಸಬಲ್ಲವನು ಈತನೊಬ್ಬನೇ ಎಂದುಕೊಂಡವನು ಅಷ್ಟು ಮಾಡಿಯಾನು. ತಾನೇನು ಮಾಡಿಬಿಟ್ಟೆ ಎಂದು ಅವನು ಹಲುಬುವುದನ್ನೂ ನಂಬುತ್ತೇನೆ. ಆದರೆ ಹಲುಬಿದ ಆ ಬಾಯಿ ಆರುವ ಮೊದಲೇ ಮಂಡಿಯೂರಿ ಪಾಲ್ಪಟೀನನ ಶಿಷ್ಯನಾಗಿ, ಹೊಸ ಹೆಸರು ಪಡೆದು, ಗುರುಮಂದಿರಕ್ಕೆ ನುಗ್ಗಿ ಅಲ್ಲಿನ ಪುಟ್ಟ ಮಕ್ಕಳ ಮೇಲೆ ಕತ್ತಿ ಎತ್ತುತ್ತಾನಲ್ಲ, ಅಲ್ಲಿ ನೂಲು ಕಡಿಯುತ್ತದೆ. ಹೆಂಡತಿಯನ್ನು ಉಳಿಸುವ ಆಸೆ ಮೊದಲ ಕೃತ್ಯಕ್ಕೆ ಸಾಕು, ಎರಡನೆಯದಕ್ಕೆ ಸಾಲದು. ಈ ಕೊಲೆಗಳು ಏಕೆ ಬೇಕು ಎಂಬ ವಾದವನ್ನು ಚಿತ್ರ ಹೇಳುವುದೇ ಇಲ್ಲವೆಂದಲ್ಲ, ಹೇಳುವವನು ಪಾಲ್ಪಟೀನ್. ಅನಾಕಿನ್ ಕೇಳಿ ಎದ್ದು ಹೋಗುತ್ತಾನೆ. ತನ್ನದೇ ಮಾತಿನಲ್ಲಿ ಅವನು ತನ್ನ ಪಕ್ಷವನ್ನು ವಾದಿಸುವುದು ಆ ಮಕ್ಕಳ ಕೊಲೆ ಮುಗಿದ ಮೇಲೆ, ಪ್ಯಾಡ್ಮೆಯ ಎದುರು, ಕೊನೆಗೆ ಗುರು ಓಬಿ-ವಾನ್ ಎದುರು.

ಇದು ಅವಸರದ ದೋಷ, ಬದಲಾವಣೆಗೆ ಇನ್ನಷ್ಟು ಸಮಯ ಕೊಡಬೇಕಿತ್ತು ಎಂದು ಹಲವರು ಹೇಳುತ್ತಾರೆ. ನನಗೆ ಹಾಗೆನಿಸುವುದಿಲ್ಲ. ವಾಲ್ಮೀಕಿ ರಾಮಾಯಣದಲ್ಲಿ ಕೈಕೇಯಿ ಕೆಡುವುದಕ್ಕೆ ಒಂದು ದಿನವೂ ಹಿಡಿಯುವುದಿಲ್ಲ. ಪಟ್ಟಾಭಿಷೇಕದ ಸುದ್ದಿ ತಂದ ಮಂಥರೆಗೆ ಅವಳು ಸಂತೋಷದಿಂದ ಆಭರಣ ಕೊಡುತ್ತಾಳೆ, ತನಗೆ ರಾಮನಲ್ಲಿಯೂ ಭರತನಲ್ಲಿಯೂ ಭೇದವಿಲ್ಲ ಎನ್ನುತ್ತಾಳೆ. ಅದೇ ಹೆಂಗಸು ಅದೇ ರಾತ್ರಿ ಕ್ರೋಧಾಗಾರದ ಬರಿನೆಲದ ಮೇಲೆ ಮಲಗಿರುತ್ತಾಳೆ. ಮಂಥರೆ ಮಾಟ ಮಾಡಲಿಲ್ಲ. ಮಗನ ಮೇಲಿನ ಪ್ರೀತಿ ಕೈಕೇಯಿಯಲ್ಲಿ ಮೊದಲೇ ಇತ್ತು; ಗಂಡನ ಒಲವಿನ ಸೊಕ್ಕಿನಲ್ಲಿ ಕೌಸಲ್ಯೆಯನ್ನು ಕಡೆಗಣಿಸಿದ ಹಳೆಯ ನೆನಪೂ ಇತ್ತು; ನಾಳೆ ಆ ಕೌಸಲ್ಯೆ ರಾಜಮಾತೆಯಾದರೆ ನಿನ್ನ ಗತಿಯೇನು ಎಂದು ಕೇಳಿದೊಡನೆ ಒಳಗಿದ್ದದ್ದೆಲ್ಲ ಎದ್ದು ನಿಂತಿತು. ಇನ್ನೂ ಮುಖ್ಯವಾದದ್ದು ಆಮೇಲೆ ನಡೆಯುವುದು. ದಶರಥನ ಎದುರು ಮಂಥರೆ ಬರುವುದಿಲ್ಲ. ಕೊಟ್ಟ ಮಾತಿಗಾಗಿ ದೇಹವನ್ನೇ ಕೊಟ್ಟ ಶಿಬಿಯ ಹೆಸರು ಹೇಳಿ, ಸತ್ಯಕ್ಕೆ ತಪ್ಪಬೇಡ ಎಂದು ಗಂಡನಿಗೆ ಧರ್ಮ ಬೋಧಿಸುವವಳು ಕೈಕೇಯಿಯೇ. ಕೇಡನ್ನು ಅವಳು ಎರವಲು ಪಡೆದು ತಂದರೂ, ಬಳಸುವ ಹೊತ್ತಿಗೆ ಅದು ಅವಳ ಸ್ವಂತದ್ದಾಗಿರುತ್ತದೆ. ಈ ಸಮ್ಮತಿಯನ್ನೇ ಪೂರ್ವಕಥಾ ಚಿತ್ರಗಳು ತೋರಿಸದೆ ಬಿಟ್ಟುಬಿಡುತ್ತವೆ ಎಂಬುದು ನನ್ನ ತಕರಾರು.

ಇದಕ್ಕಿಂತಲೂ ನನ್ನನ್ನು ಕಾಡಿದ್ದು 2002ರ ಚಿತ್ರದ ಒಂದು ಪ್ರಸಂಗ. ತಾಯಿಯನ್ನು ಹಿಡಿದೊಯ್ದು ಹಿಂಸಿಸಿ ಸಾಯಿಸಿದ ಮರಳುಗಾಡಿನ ಗುಂಪನ್ನು ಅನಾಕಿನ್ ಇಡಿಯಾಗಿ ಕೊಲ್ಲುತ್ತಾನೆ. ಗಂಡಸರನ್ನು ಮಾತ್ರವಲ್ಲ, ಹೆಂಗಸರನ್ನೂ ಮಕ್ಕಳನ್ನೂ ಕೊಂದೆ ಎಂದು ಪ್ಯಾಡ್ಮೆಯೆದುರು ಒಪ್ಪಿಕೊಳ್ಳುತ್ತಾನೆ. ನಿಜವಾದ ಪತನ ಇಲ್ಲಿಯೇ ಆಗಿಹೋಗಿದೆ. ಆದರೆ ಅವಳು ಅವನನ್ನು ಸಮಾಧಾನ ಮಾಡುತ್ತಾಳೆ, ಆ ಚಿತ್ರ ಮುಗಿಯುವ ಮೊದಲೇ ಮದುವೆಯಾಗುತ್ತಾಳೆ. ಮಕ್ಕಳನ್ನು ಕೊಂದವನ ಜೊತೆ ಬದುಕುವುದು ಅವಳಿಗೆ ಹೇಗೆ ಸಾಧ್ಯವಾಯಿತು, ಆ ರಾತ್ರಿಯ ನೆನಪಿನೊಡನೆ ಅವನು ಮೂರು ವರ್ಷ ಹೇಗೆ ಬದುಕಿದ ಎಂಬ ಪ್ರಶ್ನೆಗಳನ್ನು ಚಿತ್ರ ಅಷ್ಟಕ್ಕೇ ಬಿಟ್ಟು ಮುಂದೆ ಹೋಗುತ್ತದೆ. ಮೊದಲ ಪಾಪಕ್ಕೆ ಯಾವ ತೂಕವನ್ನೂ ಕೊಡದ ಕಥೆಯು ಎರಡನೆಯ ಪಾಪಕ್ಕೆ ನಾವು ಎದೆ ಬಡಿದುಕೊಳ್ಳಬೇಕೆಂದು ಬಯಸಿದರೆ ಅದು ಸಾಧ್ಯವೇ?

ರಾತ್ರಿ ಶಾಲೆಯಲ್ಲಿ ನಾಗಚಂದ್ರನ ರಾವಣನ ಕಥೆಯನ್ನು ಹೇಳಿದ ದಿನಗಳು ನನಗೆ ನೆನಪಾಗುತ್ತವೆ. ನಸುಕಿನಲ್ಲಿ ಎದ್ದು ಹೋಟೆಲಿನಲ್ಲಿ ದುಡಿದು, ತೂಕಡಿಸುತ್ತ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗರು ಅವರು. ಸುಮಾರು 900 ವರ್ಷಗಳ ಹಿಂದಿನ ಆ ಜೈನ ರಾಮಾಯಣದಲ್ಲಿ ರಾವಣನು ತನ್ನನ್ನು ಬಯಸದ ಪರಸ್ತ್ರೀಯನ್ನು ಮುಟ್ಟೆನೆಂದು ವ್ರತ ತೊಟ್ಟವನು. ನಳಕೂಬರನ ಹೆಂಡತಿ ಉಪರಂಭೆ ತಾನಾಗಿ ಒಲಿದು ಬಂದಾಗಲೂ ಬುದ್ಧಿ ಹೇಳಿ ಗಂಡನ ಬಳಿಗೆ ಕಳುಹಿಸಿದವನು. ಕವಿ ಮೊದಲು ಇಷ್ಟನ್ನು ತೋರಿಸಿ, ಆಮೇಲೆ ಸೀತೆಯನ್ನು ಅವನ ಕಣ್ಣಿಗೆ ಬೀಳಿಸುತ್ತಾನೆ. ಸಮುದ್ರವೂ ಒಮ್ಮೊಮ್ಮೆ ಕಾಲವಶದಿಂದ ಎಲ್ಲೆ ದಾಟುವುದಿಲ್ಲವೇ ಎಂಬರ್ಥದ ಮಾತನ್ನು ಕವಿ ಹೇಳುವುದು ಆ ಸಂದರ್ಭದಲ್ಲಿ. ಕೊನೆಗೆ ಸೀತೆಯ ನಿಷ್ಠೆಯನ್ನು ಕಂಡು ಅವನ ಮನಸ್ಸು ತಿರುಗುತ್ತದೆ, ಹಿಂದಿರುಗಿಸಬೇಕೆಂದೂ ತೋರುತ್ತದೆ; ಆದರೆ ಈಗ ಕೊಟ್ಟರೆ ಹೆದರಿ ಕೊಟ್ಟನೆಂದು ಲೋಕ ಆಡಿಕೊಳ್ಳುತ್ತದೆ, ರಾಮ ಲಕ್ಷ್ಮಣರನ್ನು ಯುದ್ಧದಲ್ಲಿ ಸೆರೆಹಿಡಿದು ಆಮೇಲೆ ಕೊಡುತ್ತೇನೆ ಎಂದು ನಿಶ್ಚಯಿಸುತ್ತಾನೆ. ಒಬ್ಬ ಹುಡುಗ ಕೇಳಿದ್ದ: “ಮಾಸ್ಟ್ರೇ, ತಪ್ಪು ಅಂತ ಗೊತ್ತಾಯ್ತಲ್ಲ, ಮತ್ತೆ ಯಾಕೆ ಕೊಡ್ಲಿಲ್ಲ?” ನಾನು ಉತ್ತರಿಸುವ ಮೊದಲೇ ಹಿಂದಿನ ಬೆಂಚಿನಿಂದ ಇನ್ನೊಬ್ಬನ ದನಿ ಬಂತು: “ಮರ್ಯಾದೆ ಹೋಗ್ತದಲ್ಲ ಮಾರಾಯಾ.” ಆ ತರಗತಿಯಲ್ಲಿ ಆಮೇಲೆ ನಾನು ವಿವರಿಸಬೇಕಾದದ್ದು ಏನೂ ಉಳಿದಿರಲಿಲ್ಲ. ರಾವಣನನ್ನು ವೀರನನ್ನಾಗಿ ಮಾಡಿದ ಅಭಿಮಾನವೇ ಅವನನ್ನು ಕೊಂದಿತು ಎಂಬುದು ಆ ಹುಡುಗರಿಗೆ ಅವರದೇ ಬದುಕಿನಿಂದ ಗೊತ್ತಿತ್ತು.

ಇದನ್ನು ಅನಾಕಿನ್‌ಗೆ ಹೋಲಿಸಿದರೆ ಇನ್ನೊಂದು ಕೊರತೆ ಕಾಣುತ್ತದೆ. 1977ರ ಚಿತ್ರದಲ್ಲಿ ಮುದುಕ ಓಬಿ-ವಾನ್ ಅವನನ್ನು ನೆನೆದು, ನನ್ನ ಒಳ್ಳೆಯ ಗೆಳೆಯನಾಗಿದ್ದ ಎಂದು ಹೇಳುವಾಗ ನಮ್ಮ ಮನಸ್ಸಿನಲ್ಲಿ ಒಬ್ಬ ಉದಾರ ಮನುಷ್ಯನ ಚಿತ್ರ ಮೂಡುತ್ತದೆ. ಪೂರ್ವಕಥೆಗಳಲ್ಲಿ ಆ ಗೆಳೆತನವನ್ನು ಬೆಳೆಸಿದ ಯುದ್ಧದ ವರ್ಷಗಳು ಬಹುಪಾಲು ಎರಡನೆಯ ಮತ್ತು ಮೂರನೆಯ ಚಿತ್ರಗಳ ನಡುವಿನ ಕತ್ತಲಲ್ಲಿ ಕಳೆದುಹೋಗಿವೆ. ತೆರೆಯ ಮೇಲೆ ನಾವು ಹೆಚ್ಚಾಗಿ ಕಾಣುವುದು ಅಸಮಾಧಾನದಿಂದ ಕುದಿಯುವ, ಗುರುವಿನ ಬಗ್ಗೆ ದೂರುವ ಯುವಕನನ್ನು. 2008ರಿಂದ 2020ರವರೆಗೆ ಏಳು ಆವೃತ್ತಿಗಳಲ್ಲಿ ಬಂದ ಆನಿಮೇಷನ್ ಸರಣಿ ಆ ನಡುವಿನ ಕಾಲವನ್ನು ತುಂಬಿಕೊಟ್ಟಿತು, ಅದನ್ನು ನೋಡಿದ ಮೇಲೆ 2005ರ ಚಿತ್ರ ಹೆಚ್ಚು ತಟ್ಟುತ್ತದೆ ಎಂದು ನನ್ನ ಹಳೆಯ ವಿದ್ಯಾರ್ಥಿಗಳು ಹೇಳುತ್ತಾರೆ. ನಾನೂ ಕೆಲವು ಕಂತುಗಳನ್ನು ನೋಡಿದೆ, ಅವರ ಮಾತು ನಿಜವೆನಿಸಿತು. ಉಪರಂಭೆಯ ಪ್ರಸಂಗವನ್ನು ಕಾವ್ಯ ಮುಗಿದ ಮೇಲೆ ಸೇರಿಸಿದಂತೆ ಅದು.

ಸಿನಿಮಾ ಎಂಬ ಮಾಧ್ಯಮಕ್ಕೇ ಇದು ಸಾಧ್ಯವಿಲ್ಲವೆಂದು ಹೇಳುವಂತೆಯೂ ಇಲ್ಲ. 1972ರ ‘ದಿ ಗಾಡ್‌ಫಾದರ್’ ಚಿತ್ರದ ಮೈಕೆಲ್ ಆರಂಭದ ಮದುವೆಯ ಮನೆಯಲ್ಲಿ, ಅದು ನನ್ನ ಕುಟುಂಬ, ನಾನಲ್ಲ ಎಂದು ಗೆಳತಿಗೆ ಹೇಳುತ್ತಾನೆ. ಮುಂದೆ ಆಸ್ಪತ್ರೆಯಲ್ಲಿ ತಂದೆಯನ್ನು ಕೊಲ್ಲಲು ಬಂದವರನ್ನು ಬೆದರಿಸಲು, ರೊಟ್ಟಿ ಬೇಯಿಸುವ ಸಾಮಾನ್ಯನೊಬ್ಬನನ್ನು ಜೊತೆಗೆ ನಿಲ್ಲಿಸಿಕೊಂಡು ಬಾಗಿಲು ಕಾಯುತ್ತಾನೆ. ಅಪಾಯ ಕಳೆದ ಮೇಲೆ ಆತನ ಕೈ ನಡುಗಿ ಸಿಗರೇಟು ಹೊತ್ತಿಸಲಾಗುವುದಿಲ್ಲ. ಮೈಕೆಲ್ ಹೊತ್ತಿಸಿಕೊಡುತ್ತಾನೆ, ಆಗ ತನ್ನ ಕೈ ನಡುಗುತ್ತಿಲ್ಲ ಎಂಬುದನ್ನು ಗಮನಿಸುತ್ತಾನೆ. ಯಾರೂ ಅವನ ಕಿವಿಯಲ್ಲಿ ಏನನ್ನೂ ಊದಿಲ್ಲ. ತಾನು ಯಾರು ಎಂಬುದು ಅವನಿಗೆ ಆ ಕ್ಷಣದಲ್ಲಿ ತಿಳಿಯುತ್ತದೆ, ನಮಗೂ ತಿಳಿಯುತ್ತದೆ.

ಪೂರ್ವಕಥೆಗಳು ಈ ದಾರಿಯನ್ನು ಬಿಡುವುದಕ್ಕೆ ಒಂದು ವಿಶೇಷ ಕಾರಣವಿದೆಯೆಂದು ನಾನು ಭಾವಿಸುತ್ತೇನೆ. ಮುಂದಿನ ಕಥೆಯಲ್ಲಿ ಪ್ರೇಕ್ಷಕರು ಆ ಪಾತ್ರವನ್ನು ಈಗಾಗಲೇ ಪ್ರೀತಿಸಿ, ಕ್ಷಮಿಸಿಯೂ ಆಗಿರುತ್ತದೆ. 1983ರ ಚಿತ್ರದಲ್ಲಿ ವೇಡರ್ ಮಗನನ್ನು ಉಳಿಸಲು, ಈಗ ಚಕ್ರವರ್ತಿಯಾಗಿರುವ ಪಾಲ್ಪಟೀನನನ್ನು ಎತ್ತಿ ಎಸೆದು ತಾನೂ ಸಾಯುತ್ತಾನೆ. ಹಾಗೆ ಪ್ರೀತಿ ಗಳಿಸಿದವನನ್ನು ಪೂರ್ಣ ಅಪರಾಧಿಯೆಂದು ತೋರಿಸಲು ಕೈ ಹಿಂಜರಿಯುತ್ತದೆ. ತಪ್ಪಿನ ಒಂದು ಪಾಲು ಕನಸಿಗೆ, ಒಂದು ಪಾಲು ಗುರುಗಳಿಗೆ, ದೊಡ್ಡ ಪಾಲು ಖಳನಿಗೆ ಹೋಗುತ್ತದೆ, ನಾಯಕನ ಕೈಗೆ ಕೃತ್ಯ ಮಾತ್ರ ಉಳಿಯುತ್ತದೆ. ಮೇಲಾಗಿ ಮುಖವಾಡ ಬರಬೇಕು, ಅವಳಿ ಮಕ್ಕಳು ಹುಟ್ಟಬೇಕು, ಅವರು ಬೇರೆ ಬೇರೆ ಕಡೆ ಬೆಳೆಯಲು ಹೋಗಬೇಕು ಎಂಬ ಲೆಕ್ಕಗಳೆಲ್ಲ ಕೊನೆಯ ಅರ್ಧ ಗಂಟೆಯಲ್ಲಿ ತೀರಬೇಕಾಗಿರುತ್ತದೆ.

ಅದೇ 1983ರ ಚಿತ್ರದ ಆ ದೃಶ್ಯದಲ್ಲಿ ಮೊದಲು ವೇಡರ್‌ಗೆ ಮಾತೇ ಇರಲಿಲ್ಲ. ಮುಖ ಕಾಣದ ಮುಖವಾಡವೊಂದು ನರಳುವ ಮಗನ ಕಡೆಗೆ, ಮತ್ತೆ ಚಕ್ರವರ್ತಿಯ ಕಡೆಗೆ ತಿರುಗುತ್ತಿತ್ತು, ಅಷ್ಟರಲ್ಲೇ ಒಬ್ಬ ಮನುಷ್ಯ ಬದಲಾದದ್ದನ್ನು ಜಗತ್ತು ನಂಬಿತು. 2011ರ ಬ್ಲೂ-ರೇ ಆವೃತ್ತಿಯಲ್ಲಿ ಅಲ್ಲಿಗೆ ಬೇಡ ಎಂಬ ಕೂಗನ್ನು ಸೇರಿಸಿದರು. ನನಗೆ ಆ ಕೂಗಿಲ್ಲದ ದೃಶ್ಯವೇ ಹೆಚ್ಚು.

ಕಳೆದ ವರ್ಷಗಳಲ್ಲಿ ಕನ್ನಡದಲ್ಲಿಯೂ ಪೂರ್ವಕಥೆಯ ರುಚಿ ಹತ್ತಿದೆ. 2025ರ ಅಕ್ಟೋಬರ್ 2ರಂದು ಬಿಡುಗಡೆಯಾದ ‘ಕಾಂತಾರ: ಅಧ್ಯಾಯ 1’ ಚಿತ್ರದ ವಸ್ತು ಬೇರೆ, ಅದರಲ್ಲಿ ಈ ಪ್ರಶ್ನೆ ಬರುವುದಿಲ್ಲ, ಆದರೆ ಒಳ್ಳೆಯವನೊಬ್ಬ ಕೆಟ್ಟುಹೋದ ಕಥೆಯನ್ನು ಹೇಳುವ ಕನ್ನಡ ಪೂರ್ವಕಥೆಯೂ ಬೇಗನೆ ಬರಬಹುದು. ಆದ್ದರಿಂದ ತಮ್ಮಲ್ಲಿ ಒಂದು ವಿನಂತಿ. ಕೌರವ, ಕೈಕೇಯಿ, ವಾಲಿ, ರಾವಣರ ಅರ್ಥವನ್ನು ದಶಕಗಳ ಕಾಲ ಹೇಳಿದ ಹಿರಿಯರು ಊರಿನಲ್ಲಿಯೂ ಮುಂಬಯಿಯಲ್ಲಿಯೂ ಇದ್ದಾರೆ. ವೇದಿಕೆಗೆ ಬರುವ ಮೊದಲು ಆ ಪಾತ್ರದ ತಪ್ಪನ್ನು ಹೇಗೆ ತಮ್ಮದೆಂದು ಒಪ್ಪಿಕೊಳ್ಳುತ್ತಾರೆ, ಎದುರಿನ ಅರ್ಥಧಾರಿ ಯಾವ ಪ್ರಶ್ನೆ ಹಾಕಿದಾಗ ಮಾತು ಗಟ್ಟಿಯಾಗುತ್ತದೆ, ಯಾವಾಗ ಸುಮ್ಮನಿರಬೇಕಾಗುತ್ತದೆ ಎಂಬುದರ ಬಗ್ಗೆ ಅವರಿಂದ ಒಂದೊಂದು ಬರಹವನ್ನು ತಮ್ಮ ಪುರವಣಿಗೆ ಬರೆಸಬೇಕು. ಬರೆಯಲು ಕೈ ಸಾಗದ ಹಿರಿಯರಿದ್ದರೆ ಅವರ ಮನೆಗೆ ಹೋಗಿ ಕೇಳಿ ಬರೆದುಕೊಂಡು ಬರಲು ನಾನು ಸಿದ್ಧನಿದ್ದೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಶಿಕ್ಷಕ, ಡೊಂಬಿವಲಿ