ಮೊದಲ ಸರ್ವಿಸ್ ನಾವೇ ಮಾಡ್ಕೊಂಡ್ರೆ ವಾರಂಟಿ ಯಾಕೆ ಹೋಗ್ಬೇಕು?

ಮಾನ್ಯ ಸಂಪಾದಕರೆ,

ನಮ್ಮ ಕಡೆ ಹೊಸ ಬೈಕ್ ತಗೊಂಡೋರು ತಿಂಗಳೊಳಗೆ ನನ್ನ ಹತ್ರ ಬಂದು ಕೇಳೋದು ಒಂದೇ, ಫಸ್ಟ್ ಸರ್ವಿಸ್ ಶೋರೂಂನಲ್ಲೇ ಮಾಡಿಸ್ಬೇಕಾ, ನೀವೇ ಆಯಿಲ್ ಚೇಂಜ್ ಮಾಡಿ ಕೊಟ್ರೆ ಆಗಲ್ವಾ ಅಂತ. ನಾನು ಐಟಿಐನಲ್ಲಿ ಮೋಟಾರ್ ಮೆಕ್ಯಾನಿಕ್ ಕಲಿತು ಬಹಳ ವರ್ಷ ಗ್ಯಾರೇಜ್ ನಡೆಸಿದೋನು, ಈಗ ತೋಟ ನೋಡ್ಕೊಂಡಿದೀನಿ, ಸ್ಪ್ಯಾನರ್ ಮಾತ್ರ ಕೈಬಿಟ್ಟಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ 350 ಸಿಸಿವರೆಗಿನ ಬೈಕ್‌ಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದ ಮೇಲೆ ಹೀಗೆ ಕೇಳ್ಕೊಂಡು ಬರೋರು ಇನ್ನೂ ಜಾಸ್ತಿ ಆಗಿದಾರೆ. ಎಲ್ರಿಗೂ ನಾನು ಹೇಳೋದು ಶೋರೂಂಗೇ ಹೋಗಿ ಅಂತ. ಹೊರಗೆ ಮಾಡಿಸಿದ್ರೆ ಕಂಪನಿಯೋರು ವಾರಂಟಿ ಇಲ್ಲ ಅಂತಾರೆ, ಅದಕ್ಕೇ ಹಾಗೆ ಹೇಳೋದು. ಆದ್ರೆ ಆ ಕಾರಣ ನನಗೆ ಸುತರಾಂ ಒಪ್ಪಿಗೆ ಇಲ್ಲ, ಅದಕ್ಕೇ ಈ ಪತ್ರ.

ಮೊದಲ ಸರ್ವಿಸ್ ಅಂದ್ರೆ ಏನು? ಹೊಸ ಇಂಜಿನ್‌ನಲ್ಲಿ ಪಿಸ್ಟನ್ ರಿಂಗು ಬೋರ್‌ಗೆ, ಗೇರ್ ಹಲ್ಲು ಹಲ್ಲಿಗೆ ಉಜ್ಜಿ ಹೊಂದ್ಕೊಳ್ಳೋವಾಗ ಸಣ್ಣ ಲೋಹದ ಪುಡಿ ಬಿಡುತ್ತೆ, ಅದು ಆಯಿಲ್ ಜೊತೆ ಇಂಜಿನ್ನಿನೊಳಗೆಲ್ಲ ಸುತ್ತುತ್ತೆ. ಅದನ್ನ ಬೇಗ ಹೊರಗೆ ಹಾಕ್ಬೇಕು ಅಂತಾನೇ ಹೆಚ್ಚಿನ ಕಂಪನಿಯೋರು 500ರಿಂದ 750 ಕಿಲೋಮೀಟರ್‌ಗೆ, ಇನ್ನು ಕೆಲವರು 1000ಕ್ಕೆ ಮೊದಲ ಸರ್ವಿಸ್ ಇಟ್ಟಿರೋದು. ಆಯಿಲ್ ಚೇಂಜು, ಫಿಲ್ಟರ್ ಇದ್ರೆ ಫಿಲ್ಟರ್, ಚೈನ್ ಟೈಟು, ಕ್ಲಚ್ ಬ್ರೇಕ್ ಪ್ಲೇ, ಸ್ಪೋಕ್ ವೀಲ್ ಆದ್ರೆ ಕಡ್ಡಿ ಟೈಟು, ಹ್ಯಾಂಡಲ್ ಕೋನ್‌ಸೆಟ್ಟು, ನಟ್ಟು ಬೋಲ್ಟು ಒಂದು ಸುತ್ತು ನೋಡೋದು, ಇಷ್ಟೇ. ಬೈಕ್ ಜೊತೆ ಕೊಡೋ ಪುಸ್ತಕ ಓದೋ ತಾಳ್ಮೆ, ಎಷ್ಟು ಬಿಗಿ ಅಂತ ಅಳೆದು ತಿರುಗಿಸೋ ಒಂದು ಟಾರ್ಕ್ ವ್ರೆಂಚು ಇದ್ರೆ ಮನೆ ಅಂಗಳದಲ್ಲೇ ಆಗೋ ಕೆಲಸ. ಟಾರ್ಕ್ ವ್ರೆಂಚ್ ಯಾಕೆ ಅಂತೀನಿ ಅಂದ್ರೆ ಇಂಜಿನ್ ಕೆಳಗಿನ ಕವಚ, ಕ್ರ್ಯಾಂಕ್ ಕೇಸ್, ಅಲ್ಯೂಮಿನಿಯಂದು, ಆಯಿಲ್ ಇಳಿಸೋ ಡ್ರೈನ್ ಬೋಲ್ಟನ್ನ ಪೂರ್ತಿ ಶಕ್ತಿ ಹಾಕಿ ತಿರುಗಿಸಿದ್ರೆ ಥ್ರೆಡ್ ಕಿತ್ಕೊಂಡು ಬರುತ್ತೆ. ಇನ್ನೊಂದು, ಕಾರಿಗೆ ಹಾಕೋ ಆಯಿಲ್ ಇದಕ್ಕೆ ಆಗಲ್ಲ. ಬೈಕಿನ ಕ್ಲಚ್ ಪ್ಲೇಟು ಅದೇ ಆಯಿಲ್‌ನಲ್ಲೇ ಮುಳುಗಿರುತ್ತೆ, ಕಾರ್ ಆಯಿಲ್ ಹಾಕಿದ್ರೆ ಕ್ಲಚ್ ಸ್ಲಿಪ್ ಆಗೋಕೆ ಶುರುವಾಗ್ಬಹುದು. ಡಬ್ಬಿ ಮೇಲೆ ಜಾಸೋ ಎಂಎ ಅಥವಾ ಎಂಎ2 ಅಂತ ಬೈಕ್ ಆಯಿಲ್‌ನ ಗುರುತು ಇರ್ಬೇಕು, ಗ್ರೇಡು ಪುಸ್ತಕದಲ್ಲಿ ಏನಿದೆಯೋ ಅದೇ ಆಗ್ಬೇಕು.

ಈಗ ನನ್ನ ತಂಗಿ ಮಗನ ವಿಷಯ ಹೇಳ್ತೀನಿ. ಹೊಸ ಬೈಕು, ನಾನೇ ಹೇಳಿ ಶೋರೂಂಗೆ ಕಳ್ಸಿದ್ದು, ಯಾವ ಕಂಪನಿ ಯಾವ ಶೋರೂಂ ಅಂತ ಬರಿಯಲ್ಲ. ಲೇಬರ್ ಫ್ರೀ ಅಂದ್ರೂ ಬಿಲ್‌ನಲ್ಲಿ ಆಯಿಲ್‌ದು ಒಂದು, ಕೇಳದೇ ಆಯಿಲ್‌ಗೆ ಬೆರೆಸಿದ ಅಡಿಟಿವ್‌ದು ಒಂದು, ಪಾಲಿಶ್‌ದು ಒಂದು ಸೇರಿತ್ತು. ಅವನು ಮನೆಗೆ ಬಂದ ಸಂಜೆ ಡಿಪ್‌ಸ್ಟಿಕ್ ತೆಗೆದು ಬಟ್ಟೆಗೆ ಒರೆಸಿ ನೋಡಿದೆ, ಕಪ್ಪು. ಹೊಸ ಆಯಿಲ್ ಶೋರೂಂನಿಂದ ಮನೆಗೆ ಬರೋಷ್ಟರಲ್ಲಿ ಸ್ವಲ್ಪ ಬಣ್ಣ ತಿರುಗೋದು ಸಹಜ, ಇದು ಹಾಗಿರ್ಲಿಲ್ಲ. ಬಿಳಿ ಪ್ಲಾಸ್ಟಿಕ್ ಬೇಸಿನ್ ಇಟ್ಟು ಪೂರ್ತಿ ಇಳಿಸಿ ಬಿಸಿಲಿಗೆ ಹಿಡಿದು ಅಲ್ಲಾಡಿಸಿದ್ರೆ ಆಯಿಲ್‌ನಲ್ಲಿ ಬೆಳ್ಳಿ ಪುಡಿ ಮಿಣಮಿಣ ಅಂತಿತ್ತು, ತಳದಲ್ಲಿ ಕೂತಿದ್ದನ್ನ ಬೆರಳಿಗೆ ತಗೊಂಡು ಉಜ್ಜಿದ್ರೆ ಸಣ್ಣ ಮರಳಿನ ಥರ ಸಿಗ್ತಿತ್ತು. ಅಂದ್ರೆ ಫ್ಯಾಕ್ಟರಿಯಲ್ಲಿ ತುಂಬಿದ ಆಯಿಲ್ಲೇ ಇನ್ನೂ ಒಳಗಿತ್ತು. ಚೈನೂ ಮುಟ್ಟಿರ್ಲಿಲ್ಲ. ವಾಟರ್ ವಾಶ್ ಮಾತ್ರ ಬಹಳ ಚೆನ್ನಾಗಿ ಆಗಿತ್ತು.

ಬುಕ್‌ನಲ್ಲಿ ಸೀಲ್ ಇದೆ, ಫ್ರೀ ಸರ್ವಿಸ್ ಕೂಪನ್ ಹರಿದಿದೆ, ಕಂಪನಿ ಲೆಕ್ಕದಲ್ಲಿ ಆ ಬೈಕಿಗೆ ಸರ್ವಿಸ್ ಆಗಿದೆ, ವಾರಂಟಿ ಭದ್ರ. ಅದೇ ಹುಡುಗ ಶೋರೂಂಗೆ ಹೋಗದೆ ಕಂಪನಿ ಆಯಿಲ್ಲೇ ಬಿಲ್ ಸಮೇತ ತಂದು ನನ್ನ ಹತ್ರ ಪುಸ್ತಕದ ಪ್ರಕಾರ ಎಲ್ಲಾ ಮಾಡಿಸಿದ್ದಿದ್ರೆ ವಾರಂಟಿ ಇಲ್ಲ ಅಂತಿದ್ರು. ಇದು ಯಾವ ನ್ಯಾಯ ಸ್ವಾಮಿ?

ಎಲ್ಲಾ ಶೋರೂಂ ಮೆಕ್ಯಾನಿಕ್‌ಗಳೂ ಹೀಗೆ ಅಂತ ನಾನು ಹೇಳಲ್ಲ, ಆ ಹುಡುಗರಲ್ಲಿ ಎಷ್ಟೋ ಜನ ನನಗಿಂತ ಚೆನ್ನಾಗಿ ಕೆಲಸ ಬಲ್ಲೋರು, ಆದ್ರೆ ಬೆಳಿಗ್ಗೆಯಿಂದ ಸಾಲಾಗಿ ಗಾಡಿ ನಿಂತಿರೋವಾಗ ಒಂದೊಂದಕ್ಕೆ ಎಷ್ಟು ಟೈಮ್ ಸಿಗುತ್ತೆ? ಟ್ಯಾಪೆಟ್ ಗ್ಯಾಪ್, ಅಂದ್ರೆ ವಾಲ್ವ್ ಹತ್ರದ ಸಣ್ಣ ಸಂದು, ನೋಡ್ಬೇಕು ಅಂದ್ರೆ ಇಂಜಿನ್ ಪೂರ್ತಿ ತಣ್ಣಗಿರ್ಬೇಕು, ದೂರದಿಂದ ಓಡಿಸ್ಕೊಂಡು ಬಂದ ಬೈಕನ್ನ ಬಂದ ಕೂಡ್ಲೇ ರ‍್ಯಾಂಪ್ ಹತ್ತಿಸಿದ್ರೆ ಅದು ತಣ್ಣಗಾಗೋದು ಯಾವಾಗ? ಮನೆಯಲ್ಲಾದ್ರೆ ರಾತ್ರಿ ನಿಲ್ಲಿಸಿ ಬೆಳಿಗ್ಗೆ ಎದ್ದು ನೋಡ್ಬಹುದು.

ದೂರದ ಮಾತು ಬಂತಲ್ಲ, ಹೊಸನಗರ ತಾಲ್ಲೂಕಿನ ನಗರ, ನಿಟ್ಟೂರು ಕಡೆಯೋರು ಸರ್ವಿಸ್‌ಗೆ ಅಂತ ಶಿವಮೊಗ್ಗಕ್ಕೆ ಹೋಗಿ ಬಂದ್ರೆ 150 ಕಿಲೋಮೀಟರ್ ದಾಟುತ್ತೆ. ಕೂಲಿ ಬಿಟ್ಟು, ಪೆಟ್ರೋಲ್ ಸುಟ್ಟು, ಮಳೆಗಾಲದಲ್ಲಿ ನೆನ್ಕೊಂಡು ಹೋಗ್ಬೇಕು, ಅಲ್ಲಿ ಹೋದ್ಮೇಲೆ ಸಂಜೆ ಬನ್ನಿ ಅಂತಾರೆ. ಕೊಯ್ಲಿನ ಟೈಮಲ್ಲಿ ಯಾರಿಗೆ ಆಗುತ್ತೆ ಹೇಳಿ. ದಿನ ದಾಟಿ ಹೋದ್ರೆ ಕೂಪನ್ ನಡೆಯಲ್ಲ ಅಂತಾರೆ.

ಬೇರೆ ಕಡೆ ಹೀಗಿಲ್ಲ. ಅಮೆರಿಕದಲ್ಲಿ 1975ರಲ್ಲೇ ಮ್ಯಾಗ್ನುಸನ್-ಮಾಸ್ ಅನ್ನೋ ವಾರಂಟಿ ಕಾಯ್ದೆ ಬಂತು, ಅದರ ಪ್ರಕಾರ ನಮ್ಮ ಡೀಲರ್ ಹತ್ರಾನೇ ದುಡ್ಡು ಕೊಟ್ಟು ಮಾಡಿಸಿದ್ರೆ ಮಾತ್ರ ವಾರಂಟಿ ಅಂತ ಕಂಪನಿ ಷರತ್ತು ಹಾಕೋ ಹಾಗಿಲ್ಲ. ಅಲ್ಲಿ ಜನ ಆಯಿಲ್ ಬಿಲ್ಲು, ತಾರೀಖು, ಮೀಟರ್ ರೀಡಿಂಗ್ ಬರೆದಿಟ್ಕೊಂಡು ತಮ್ಮ ಶೆಡ್ಡಲ್ಲೇ ಮಾಡ್ಕೋತಾರೆ. ನಮ್ಮಲ್ಲೂ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರ್ ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿ, ಹೊರಗಿನ ಗ್ಯಾರೇಜ್‌ನಲ್ಲಿ ಕೆಲಸ ಮಾಡಿಸಿದ್ರು ಅನ್ನೋ ಒಂದೇ ಕಾರಣಕ್ಕೆ ಸಾರಾಸಗಟಾಗಿ ವಾರಂಟಿ ರದ್ದು ಮಾಡ್ಬಾರ್ದು ಅಂತ ಹೇಳಿತ್ತು. ಆಮೇಲೆ ಅದು ಅಪೀಲು, ಕೋರ್ಟು ಅಂತ ಎಳೀತು. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ ರೈಟ್ ಟು ರಿಪೇರ್ ಪೋರ್ಟಲ್ ಶುರು ಮಾಡ್ತು, ಅದರಲ್ಲಿ ವಾಹನಗಳೂ ಸೇರಿವೆ. ಆದ್ರೆ ಬೈಕಿನ ಸರ್ವಿಸ್ ಬುಕ್ಕಿನ ಹಿಂದಿನ ಪುಟದಲ್ಲಿ ಸಣ್ಣಕ್ಷರದ ಷರತ್ತು ಇದ್ದ ಹಾಗೇ ಇದೆ.

ಶೋರೂಂ ಬೇಡವೇ ಬೇಡ ಅಂತಲ್ಲ. ಹೊಗೆ ನಿಯಮ ಬಿಎಸ್6 ಬಂದ ಮೇಲೆ ಇಂಜೆಕ್ಷನ್ನು, ಸೆನ್ಸರು, ಎಬಿಎಸ್ ಎಲ್ಲಾ ಇದೆ, ಚೆಕ್ ಇಂಜಿನ್ ಲೈಟ್ ಹತ್ತಿದ್ರೆ ಸ್ಕ್ಯಾನರ್ ಇಲ್ಲದೆ ನಾನು ಕೂತು ಊಹೆ ಮಾಡೋಕೆ ಆಗಲ್ಲ, ಅದು ಅವರೇ ನೋಡ್ಬೇಕಾದ್ದು. ಆಯಿಲ್ ಮತ್ತೆ ಚೈನ್ ಆ ಸಾಲಿಗೆ ಬರಲ್ಲ.

ಹೊಸ ಬೈಕ್ ತಗೊಂಡೋರಿಗೆ ಸದ್ಯಕ್ಕೆ ನಾನು ಹೇಳೋದು, ಸೀಲ್ ಬೇಕೇ ಬೇಕು, ಹೋಗಿ, ಆದ್ರೆ ಬೈಕ್ ಪಕ್ಕ ನಿಂತು ನೋಡ್ತೀನಿ ಅಂತ ಕೇಳಿ. ಕಸ್ಟಮರ್ ಒಳಗೆ ಬರಂಗಿಲ್ಲ ಅಂದ್ರೆ ಹಳೇ ಆಯಿಲ್ ತೋರಿಸಿ, ಹೊಸ ಡಬ್ಬಿ ನನ್ನೆದುರಿಗೆ ಓಪನ್ ಮಾಡಿ ಅನ್ನಿ. ಜಾಬ್ ಕಾರ್ಡ್‌ಗೆ ಸೈನ್ ಹಾಕೋ ಮುಂಚೆ ಅಡಿಟಿವ್, ಪಾಲಿಶ್ ಬೇಡ ಅಂತ ಬರೆಸಿ. ಬಿಲ್‌ನಲ್ಲಿರೋ ಕೆಲಸ ಆಗಿಲ್ಲ ಅಂತ ಗೊತ್ತಾದ್ರೆ ಫೋಟೋ ಇಟ್ಕೊಂಡು 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡ್ಬಹುದು.

ಬೈಕ್ ಕಂಪನಿಯೋರನ್ನ ನಾನು ಕೇಳೋದು ದೊಡ್ಡದೇನಲ್ಲ. ಸರ್ವಿಸ್ ಬುಕ್‌ನಲ್ಲಿ ಒಂದು ಪುಟ ಜಾಸ್ತಿ ಹಾಕಿ. ತಾರೀಖು, ಕಿಲೋಮೀಟರ್, ಆಯಿಲ್ ಗ್ರೇಡು, ಬಿಲ್ ನಂಬರ್, ಕೆಲಸ ಮಾಡಿದೋರ ಸಹಿ, ಅಷ್ಟು ತುಂಬಿ ಬಿಲ್ ಲಗತ್ತಿಸಿದ್ರೆ ಅದನ್ನೂ ಸರ್ವಿಸ್ ಅಂತ ಒಪ್ಕೊಳ್ಳಿ. ನಾಳೆ ಇಂಜಿನ್ ಹೋದ್ರೆ ಮಾಲೀಕ ಮಾಡಿದ ಕೆಲಸದಿಂದಾನೇ ಹೋಗಿದ್ದು ಅಂತ ತೋರಿಸೋ ಹೊಣೆ ನಿಮ್ಮದಿರಲಿ, ಸೀಲ್ ಇಲ್ಲ ಅಂತ ಬಾಗಿಲಲ್ಲೇ ವಾಪಸ್ ಕಳಿಸ್ಬೇಡಿ. ರಾಜ್ಯದ ಸಂಸದರು ಗ್ರಾಹಕ ವ್ಯವಹಾರ ಇಲಾಖೆ ಮುಂದೆ ಈ ವಿಷಯ ಎತ್ಬೇಕು ಅಂತ ನಿಮ್ಮ ಪತ್ರಿಕೆ ಮೂಲಕ ಕೇಳ್ಕೊಳ್ತೀನಿ.

ಇಂತಿ,
ಒಬ್ಬ ಓದುಗ
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ