ಜಾಗೃತಿ ಮೂಡಿದೆ, ಲೆಕ್ಕ ಕೇಳುವ ಏರ್ಪಾಡಿಲ್ಲ

ಮಾನ್ಯ ಸಂಪಾದಕರೇ,

ಜಾಗತಿಕ ತಾಪಮಾನ ಏರಿಕೆಯ ಬಗ್ಗೆ ಜನರಲ್ಲಿ ಇನ್ನಷ್ಟು ಅರಿವು ಮೂಡಿಸಬೇಕೆಂಬ ಮಾತು ಪ್ರತಿ ವರ್ಷ ವಿಶ್ವಸಂಸ್ಥೆಯ ಹವಾಮಾನ ಸಮಾವೇಶದ ಹೊತ್ತಿಗೆ ತಪ್ಪದೆ ಕೇಳಿಬರುತ್ತದೆ. ಆದರೆ ಕೊರತೆ ಇರುವುದು ಅರಿವಿನಲ್ಲಿ ಎಂದು ನನಗನ್ನಿಸುವುದಿಲ್ಲ. 1988ರಲ್ಲಿ ಸ್ಥಾಪನೆಯಾದ ಐಪಿಸಿಸಿ (ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ವೈಜ್ಞಾನಿಕ ಸಮಿತಿ) ಇದುವರೆಗೆ ಆರು ಸಮಗ್ರ ವರದಿಗಳನ್ನು ಸರ್ಕಾರಗಳ ಮುಂದಿಟ್ಟಿದೆ. 2007ರಲ್ಲಿ ಸಿಡ್ನಿಯಲ್ಲಿ ಆರಂಭವಾದ ‘ಅರ್ಥ್ ಅವರ್’ನ ಹೆಸರಿನಲ್ಲಿ ಈಗ ಜಗತ್ತಿನ ನಾನಾ ನಗರಗಳು ಮಾರ್ಚ್ ತಿಂಗಳ ಒಂದು ರಾತ್ರಿ ದೀಪ ಆರಿಸುತ್ತವೆ. ಇಷ್ಟಾದರೂ, 1958ರಲ್ಲಿ ಹವಾಯಿಯ ಮೌನಾ ಲೋವಾ ವೀಕ್ಷಣಾಲಯದಲ್ಲಿ ಅಳತೆ ಶುರುವಾದಾಗ ಗಾಳಿಯ ಪ್ರತಿ ಹತ್ತು ಲಕ್ಷ ಅಣುಗಳಲ್ಲಿ ಸುಮಾರು 315ರಷ್ಟಿದ್ದ ಇಂಗಾಲದ ಡೈಆಕ್ಸೈಡ್ ಈಗ 420ನ್ನು ದಾಟಿದೆ.

ಅಂತರರಾಷ್ಟ್ರೀಯ ಪ್ರಯತ್ನಗಳೆಲ್ಲ ವ್ಯರ್ಥವೆಂದು ಇದರ ಅರ್ಥವಲ್ಲ. ಓಝೋನ್ ಪದರದ ರಕ್ಷಣೆಗಾಗಿ 1987ರಲ್ಲಿ ಆದ ಮಾಂಟ್ರಿಯಲ್ ಒಪ್ಪಂದವನ್ನೇ ನೋಡಬಹುದು. ಯಾವ ರಾಸಾಯನಿಕವನ್ನು ಯಾವ ವರ್ಷದೊಳಗೆ ಎಷ್ಟು ಕಡಿಮೆ ಮಾಡಬೇಕೆಂದು ಅದು ಹೆಸರು ಹಿಡಿದು ಹೇಳಿತು. ಒಪ್ಪಂದಕ್ಕೆ ಸೇರದ ದೇಶಗಳೊಂದಿಗೆ ಆ ವಸ್ತುಗಳ ವ್ಯಾಪಾರವನ್ನು ನಿರ್ಬಂಧಿಸಿತು. ಅಭಿವೃದ್ಧಿಶೀಲ ದೇಶಗಳಿಗೆ ಹೆಚ್ಚಿನ ಕಾಲಾವಕಾಶ ಕೊಟ್ಟಿದ್ದಲ್ಲದೆ, 1990ರಲ್ಲಿ ಅವುಗಳ ಖರ್ಚಿಗೆಂದೇ ಪ್ರತ್ಯೇಕ ನಿಧಿಯನ್ನೂ ಒದಗಿಸಿತು. ಶ್ರೀಮಂತ ದೇಶಗಳಿಗೆ 1996ರ, ಉಳಿದವುಗಳಿಗೆ 2010ರ ಗಡುವು ಹಾಕಿ ಫ್ರಿಜ್ ಮತ್ತು ಸ್ಪ್ರೇ ಡಬ್ಬಿಗಳಲ್ಲಿದ್ದ, ಓಝೋನ್ ಪದರವನ್ನು ಹಾಳುಮಾಡುವ ಸಿಎಫ್‌ಸಿ ಎಂಬ ರಾಸಾಯನಿಕಗಳ ಉತ್ಪಾದನೆಯನ್ನು ನಿಲ್ಲಿಸಲಾಯಿತು. ಇವು ಶಾಖವನ್ನು ಹಿಡಿದಿಡುವ ಪ್ರಬಲ ಹಸಿರುಮನೆ ಅನಿಲಗಳೂ ಆಗಿದ್ದುದರಿಂದ ಭೂಮಿಯ ಬಿಸಿಗೂ ಅಷ್ಟರಮಟ್ಟಿಗೆ ತಡೆ ಬಿತ್ತು. ಅವುಗಳ ಜಾಗಕ್ಕೆ ಬಂದ, ಭೂಮಿಯನ್ನು ಬಿಸಿ ಮಾಡುವ ಎಚ್‌ಎಫ್‌ಸಿ ಎಂಬ ಅನಿಲಗಳನ್ನೂ ಇಳಿಸಲು 2016ರಲ್ಲಿ ರುವಾಂಡಾದ ಕಿಗಾಲಿಯಲ್ಲಿ ಒಪ್ಪಂದಕ್ಕೆ ತಿದ್ದುಪಡಿ ತರಲಾಯಿತು.

ಸಿಎಫ್‌ಸಿ ತಯಾರಿಸುತ್ತಿದ್ದ ಕಂಪನಿಗಳು ಬೆರಳೆಣಿಕೆಯಷ್ಟು, ಪರ್ಯಾಯಗಳೂ ಬೇಗ ಸಿಕ್ಕವು. ಕಲ್ಲಿದ್ದಲು, ತೈಲಗಳ ಮಾತೇ ಬೇರೆ ಎಂದು ಕೆಲವರು ವಾದಿಸಬಹುದು. ಅದು ನಿಜವೇ. ಆದರೂ ಹೊಣೆ ನಿಗದಿಪಡಿಸುವ ಆ ಕ್ರಮವನ್ನು ಹವಾಮಾನ ಒಪ್ಪಂದಗಳು ಕೊನೆಗೆ ಕೈಬಿಡಬೇಕಾದ ಅಗತ್ಯವೇನಿತ್ತೆಂಬುದು ನನ್ನ ಪ್ರಶ್ನೆ. 1997ರ ಕ್ಯೋಟೋ ಒಪ್ಪಂದ ಶ್ರೀಮಂತ ದೇಶಗಳು ಹೊರಸೂಸುವ ಹಸಿರುಮನೆ ಅನಿಲಗಳಿಗೆ ಕಡ್ಡಾಯ ಮಿತಿ ಹಾಕಿತ್ತು. ಅದಕ್ಕೆ ಸಹಿ ಹಾಕಿದ ಅಮೆರಿಕ ಅನುಮೋದನೆ ನೀಡಲೇ ಇಲ್ಲ, ಕೆನಡಾ ನಡುದಾರಿಯಲ್ಲೇ ಹೊರನಡೆಯಿತು. ಆ ಕಹಿ ಅನುಭವದ ನಂತರ ಬಂದ 2015ರ ಪ್ಯಾರಿಸ್ ಒಪ್ಪಂದದಲ್ಲಿ ಪ್ರತಿ ದೇಶವೂ ತನ್ನ ಗುರಿಯನ್ನು ತಾನೇ ಗೊತ್ತುಮಾಡಿಕೊಳ್ಳುತ್ತದೆ ಮತ್ತು ಐದು ವರ್ಷಕ್ಕೊಮ್ಮೆ ಹೊಸ ಗುರಿಯನ್ನು ಸಲ್ಲಿಸುತ್ತದೆ. ಗುರಿ ತಪ್ಪಿದರೆ ದಂಡವಿಲ್ಲ. ಎಲ್ಲರನ್ನೂ ಒಳಗೆ ತರಲು ತೆತ್ತ ಬೆಲೆ ಇದು. 2035ರ ಗುರಿಗಳನ್ನು ಸಲ್ಲಿಸಲು 2025ರ ಫೆಬ್ರುವರಿ 10 ಗಡುವಾಗಿತ್ತು. ಬಹುಪಾಲು ದೇಶಗಳು ಅದನ್ನು ಮೀರಿದವು. ಶಾಲೆಯ ಮಗುವೊಂದು ಮನೆಪಾಠ ತಾರದಿದ್ದರೆ ಆಗುವಷ್ಟು ಗದ್ದಲವೂ ಆಗಲಿಲ್ಲ.

ಹಣದ ವಿಷಯವೂ ಹೀಗೆಯೇ. ಹವಾಮಾನ ಕ್ರಮಗಳಿಗಾಗಿ ಬಡ ದೇಶಗಳಿಗೆ 2020ರ ವೇಳೆಗೆ ವರ್ಷಕ್ಕೆ 100 ಶತಕೋಟಿ ಡಾಲರ್ ಒದಗಿಸುವುದಾಗಿ ಶ್ರೀಮಂತ ದೇಶಗಳು 2009ರಲ್ಲಿ ಕೋಪನ್‌ಹೇಗನ್‌ನಲ್ಲಿ ಕೊಟ್ಟ ಮಾತು ಎರಡು ವರ್ಷ ತಡವಾಗಿ, 2022ರಲ್ಲಿ ನೆರವೇರಿತು. ಅದರಲ್ಲೂ ದೊಡ್ಡ ಪಾಲು ಸಾಲದ ರೂಪದ್ದು. 2024ರಲ್ಲಿ ಅಜರ್‌ಬೈಜಾನ್‌ನ ಬಾಕುವಿನಲ್ಲಿ ನಡೆದ ಸಮಾವೇಶದಲ್ಲಿ 2035ರ ವೇಳೆಗೆ ವರ್ಷಕ್ಕೆ 300 ಶತಕೋಟಿ ಡಾಲರ್ ಎಂದು ನಿರ್ಧಾರವಾಯಿತು. ಬಡ ದೇಶಗಳ ಬೇಡಿಕೆ ಇದ್ದದ್ದು 1.3 ಲಕ್ಷ ಕೋಟಿ ಡಾಲರ್.

ಒಂದು ಭರವಸೆಯ ಸಂಗತಿಯೆಂದರೆ, ಪುಟ್ಟ ದ್ವೀಪರಾಷ್ಟ್ರ ವನುವಾಟುವಿನ ಮುಂದಾಳತ್ವದಲ್ಲಿ ಆರಂಭವಾದ ಪ್ರಯತ್ನದ ಫಲವಾಗಿ, ಹವಾಮಾನವನ್ನು ರಕ್ಷಿಸುವುದು ದೇಶಗಳ ಕಾನೂನುಬದ್ಧ ಕರ್ತವ್ಯವೆಂದು ಅಂತರರಾಷ್ಟ್ರೀಯ ನ್ಯಾಯಾಲಯವು 2025ರ ಜುಲೈನಲ್ಲಿ ಹೇಳಿದೆ. ಅದು ಸಲಹಾತ್ಮಕ ಅಭಿಪ್ರಾಯವಷ್ಟೇ ಆಗಿದ್ದರೂ, ಮಾತು ತಪ್ಪಿದ ಸರ್ಕಾರಗಳನ್ನು ಆಯಾ ದೇಶದ ನ್ಯಾಯಾಲಯಗಳಲ್ಲಿ ಪ್ರಶ್ನಿಸುವವರಿಗೆ ಇದರಿಂದ ಬಲ ಬಂದಿದೆ.

ಆದ್ದರಿಂದ ಪತ್ರಿಕೆಗಳಲ್ಲಿ ನನ್ನ ವಿನಂತಿ ಇಷ್ಟೇ: ಸಮಾವೇಶದ ದಿನಗಳಲ್ಲಿ ನಾಯಕರ ಭಾಷಣ, ಛಾಯಾಚಿತ್ರಗಳ ಜೊತೆಗೆ, ಯಾವ ದೇಶ ಏನು ಮಾತು ಕೊಟ್ಟಿತ್ತು, ಎಷ್ಟು ನಡೆಸಿಕೊಟ್ಟಿದೆ, ಯಾವ ಗಡುವನ್ನು ಮೀರಿದೆ ಎಂಬ ಪಟ್ಟಿಯನ್ನೂ ಪ್ರಕಟಿಸಿ, ಮರುವರ್ಷ ಅದೇ ಪಟ್ಟಿಯನ್ನು ಮತ್ತೆ ಓದುಗರ ಮುಂದಿಡಬೇಕು.

ಇಂತಿ,
ನಿಮ್ಮ ಪತ್ರಿಕೆಯ ಓದುಗ