ವಿಸ್ಕೊಂತಿ ಮನೆಯ ಮಗಳು: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಆರು ನೂರು ವರ್ಷಗಳ ಹಿಂದೆ ಮಿಲಾನ್ ಆಳಿದ ಜಾನ್ ಗಲಿಯಾಟ್ಸೊ ವಿಸ್ಕೊಂತಿ ಇನ್ನೊಂದು ಹತ್ತು ವರ್ಷ ಬದುಕಿದ್ದರೆ ಉತ್ತರ ಇಟಲಿಯೆಲ್ಲ ಒಂದೇ ರಾಜ್ಯ ಆಗುತ್ತಿತ್ತು ಅಂತ ನೀನು ಬರೆದಿದ್ದೆ. ನಾನು ಒಪ್ಪುವುದಿಲ್ಲ ಕಣೋ. ಅವನು ಜಾಣ, ನಿಜ. ಆದರೆ ಅವನ ಕಥೆ ಓದಿದಾಗೆಲ್ಲ ನನ್ನ ಮನಸ್ಸು ಅವನ ಹೆಂಡತಿ ಕತೆರೀನಾಳ ಕಡೆಗೇ ಹೋಗುತ್ತದೆ.

ಕತೆರೀನಾ ಅವನ ಚಿಕ್ಕಪ್ಪ ಬೆರ್ನಾಬೊನ ಮಗಳು. ನಮ್ಮಲ್ಲಾದರೆ ಚಿಕ್ಕಪ್ಪನ ಮಗಳು ತಂಗಿ ಅಲ್ವಾ? ಅಲ್ಲಿ 1380ರಲ್ಲಿ ಮದುವೆಯೇ ಆಯಿತು. ಚಿಕ್ಕಪ್ಪ ಮಿಲಾನಿನಲ್ಲಿ, ಇವನು ಪಾವಿಯಾದಲ್ಲಿ ಆಳುತ್ತಿದ್ದರು. ಚಿಕ್ಕಪ್ಪನಿಗೆ ಗಂಡುಮಕ್ಕಳು ಜಾಸ್ತಿ, ಎಲ್ಲರಿಗೂ ಪಾಲು ಬೇಕು. ಹಾಗಾಗಿ ಇವನಿಗೆ ಒಳಗೊಳಗೇ ಭಯ. ಹೊರಗೆ ಮಾತ್ರ ದೇವರು ದಿಂಡರು ಅಂತ ಇರುವ ಸಾಧು ಮನುಷ್ಯ.

1385ರ ಮೇ ತಿಂಗಳಲ್ಲಿ ವರೇಸೆ ಬಳಿಯ ಮರಿಯಮ್ಮನವರ ಬೆಟ್ಟಕ್ಕೆ ಯಾತ್ರೆ ಅಂತ ಹೇಳಿ ಪಡೆ ಕಟ್ಟಿಕೊಂಡು ಹೊರಟ. ದಾರಿಯಲ್ಲಿ ಮಿಲಾನ್. ಅಳಿಯನನ್ನು ಎದುರುಗೊಳ್ಳಲು ಬೆರ್ನಾಬೊ ಊರ ಹೊರಗೆ ಬಂದ. ಅಳಿಯ ಅವನನ್ನು ಅಲ್ಲೇ ಹಿಡಿಸಿದ. ಜೊತೆಗಿದ್ದ ಇಬ್ಬರು ಗಂಡುಮಕ್ಕಳೂ ಸೆರೆಯಾದರು. ಅವರಲ್ಲೊಬ್ಬ ಇವನ ಸ್ವಂತ ತಂಗಿಯ ಗಂಡ! ಡಿಸೆಂಬರಿನಲ್ಲಿ ಬೆರ್ನಾಬೊ ತ್ರೆತ್ಸೊ ಕೋಟೆಯಲ್ಲಿ ಸತ್ತ. ವಿಷ ಹಾಕಿದರು ಅಂತ ಜನ ಮಾತಾಡಿಕೊಂಡರು.

ತೆರಿಗೆಗೆ ಬೇಸತ್ತಿದ್ದ ಮಿಲಾನಿನವರು ಹೊಸ ದೊರೆಯನ್ನು ಖುಷಿಯಿಂದಲೇ ಬರಮಾಡಿಕೊಂಡರು. ಕತೆರೀನಾಳ ಪಾಡು ಯೋಚಿಸು. ಅಪ್ಪನನ್ನು ಸೆರೆಗೆ ತಳ್ಳಿದವನ ಜೊತೆಗೇ ಸಂಸಾರ. 1388ರಲ್ಲಿ ಜೊವಾನ್ನಿ ಮರಿಯಾ, 1392ರಲ್ಲಿ ಫಿಲಿಪ್ಪೊ ಮರಿಯಾ ಹುಟ್ಟಿದರು. ಗಂಡುಮಕ್ಕಳ ಹೆಸರಿಗೂ ಮರಿಯಾ ಸೇರಿದ್ದು ದೇವಮಾತೆಗೆ ಹೊತ್ತ ಹರಕೆಯಿಂದ. ಪಾವಿಯಾ ಬಳಿಯ ದೊಡ್ಡ ಚೆರ್ತೋಸಾ ಮಠದ ಹಿಂದೆಯೂ ಅವಳ ಹರಕೆ ಇದೆ. ಗಂಡ ಅದಕ್ಕೆ 1396ರಲ್ಲಿ ಅಡಿಗಲ್ಲು ಹಾಕಿದ.

ಅಷ್ಟರಲ್ಲಿ ಅವನು ವೆರೋನಾ ಗೆದ್ದಿದ್ದ. 1395ರಲ್ಲಿ ಜರ್ಮನಿಯ ದೊರೆ ವೆನ್ಸೆಸ್ಲಾಸನಿಗೆ 1,00,000 ಫ್ಲೋರಿನ್ ಚಿನ್ನದ ನಾಣ್ಯ ಕೊಟ್ಟು ಡ್ಯೂಕ್ ಪಟ್ಟವನ್ನೂ ಕೊಂಡಿದ್ದ. ಆಮೇಲೆ ಪೀಸಾ, ಸಿಯೆನಾ, ಪೆರೂಜಾ. 1402ರ ಜೂನಿನಲ್ಲಿ ಬೊಲೋನ್ಯಾ ಕೂಡ. ಅವನಿಗೆ ಎದುರು ನಿಂತಿದ್ದ ಫ್ಲಾರೆನ್ಸ್ ಒಂಟಿಯಾಯಿತು. ಸೆಪ್ಟೆಂಬರ್ 3ಕ್ಕೆ ಜ್ವರ ಬಂದು ಇವನೇ ತೀರಿಕೊಂಡ.

ದೊಡ್ಡ ಮಗನಿಗೆ ಇನ್ನೂ 14 ತುಂಬಿರಲಿಲ್ಲ. ಮಗನ ಪರವಾಗಿ ಕತೆರೀನಾ ಆಡಳಿತಕ್ಕೆ ಕೂತಳು. ಗಂಡ ಸಂಬಳ ಕೊಟ್ಟು ಸಾಕಿದ್ದ ದಂಡನಾಯಕರೇ ಊರುಗಳನ್ನು ಹಂಚಿಕೊಳ್ಳಲು ಶುರುಮಾಡಿದರು. ಅವರಿಗೆ ನಿಷ್ಠೆ ಇದ್ದದ್ದು ಅವನ ಹಣಕ್ಕೆ, ಅವನ ಭಯಕ್ಕೆ. ಮನೆತನಕ್ಕಲ್ಲ. ಹತ್ತು ವರ್ಷ ತಡವಾಗಿ ಸತ್ತಿದ್ದರೂ ಇದು ಬದಲಾಗುತ್ತಿತ್ತು ಅಂತ ನನಗೆ ಅನಿಸುವುದಿಲ್ಲ. ಸ್ವಂತ ರಕ್ತವನ್ನೇ ನಂಬದವನು ನಂಬಿಕೆಯ ಜನರನ್ನು ಎಲ್ಲಿಂದ ಕಟ್ಟುತ್ತಾನೆ, ನೀನೇ ಹೇಳು.

1404ರಲ್ಲಿ ಕತೆರೀನಾಳನ್ನು ಮೊಂತ್ಸಾದಲ್ಲಿ ಸೆರೆಯಿಟ್ಟರು. ಹೆತ್ತ ಮಗನ ಆಳ್ವಿಕೆಯಲ್ಲೇ! ಅದೇ ವರ್ಷ ಅಲ್ಲೇ ಸತ್ತಳು, ಅಪ್ಪನಂತೆ ಅವಳಿಗೂ ವಿಷ ಹಾಕಿದರೆಂಬ ಸುದ್ದಿ ಹಬ್ಬಿತು. ಆ ಮಗನನ್ನು 1412ರಲ್ಲಿ ಚರ್ಚಿನಲ್ಲಿ ಕೊಂದರು. ಫಿಲಿಪ್ಪೊ ಗಂಡುಮಕ್ಕಳಿಲ್ಲದೆ 1447ರಲ್ಲಿ ಹೋದ. ಮಿಲಾನ್ ಅವನ ಅಳಿಯ, ದಂಡನಾಯಕ ಫ್ರಾಂಚೆಸ್ಕೊ ಸ್ಫೋರ್ಜಾನ ಪಾಲಾಯಿತು.

ನಿನ್ನ ಉತ್ತರಕ್ಕೆ ಕಾಯುತ್ತೇನೆ. ಬರೆಯುವಾಗ ಕತೆರೀನಾಳನ್ನು ಬಿಟ್ಟು ಬರೆಯಬೇಡ.

ನಿನ್ನ ಗೆಳೆಯ